ಮುಳ್ಳೆತ್ತುವ ಮೊದಲು

೧೯೬೮ರ ಮುಂಗಾರಿನ ಮೊದಲ ಮೋಡಗಳು ಧಾರವಾಡದ ಕಡೆಯಿಂದ ತೇಲಿಬಂದು, ಕೇಶ್ವಾಪುರದ ಹೆಂಚಿನ ಮನೆಗಳ ಮೇಲೆ ನಿಂತು, ಸುರಿಯಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ಆ ಶನಿವಾರದ ಅಪರಾಹ್ನದಲ್ಲಿ, ಕರಿಮಣ್ಣಿನ ಆರ್ದ್ರಗಂಧವನ್ನು ಹೊತ್ತ ಗಾಳಿಯೊಂದೇ ಓಣಿಯಿಂದ ಓಣಿಗೆ ಅಲೆಯುತ್ತಿತ್ತು... ಸಹೃದಯರೇ, ತಲೆಯ ಮೇಲೆ ಬಂದೂ ಸುರಿಯದ ಮಳೆ ಜೀವವನ್ನು ಎಷ್ಟು ಹಿಂಡುತ್ತದೆ! ರೇಡಿಯೋ ರಿಪೇರಿಯ ಸತ್ಯವಂತನಿಗೆ ಅಂದು ಅದು ಚೆನ್ನಾಗಿ ಗೊತ್ತಾಗಿತ್ತು.

ಮಿಶನ್ ಶಾಲೆಯ ಇಂಗ್ಲಿಷ್ ಶಿಕ್ಷಕಿ ರಾಹೇಲಳ ಲಗ್ನ ಗದಗದ ಮಾಸ್ತರನೊಬ್ಬನೊಡನೆ ನಿಶ್ಚಯವಾಗಿತ್ತು. ಕ್ರೈಸ್ತ ಪದ್ಧತಿಯಂತೆ ಎರಡು ಭಾನುವಾರ ದೇವಾಲಯದಲ್ಲಿ ಲಗ್ನದ ಪ್ರಕಟಣೆಯನ್ನು ಓದಿ, ತಕರಾರಿದ್ದವರು ಹೇಳಬೇಕೆಂದು ಪಾದ್ರಿಗಳು ಕೇಳಿಯಾಗಿತ್ತು. ಮೂರನೆಯ, ಕೊನೆಯ ಓದು ನಾಳೆ. ಎರಡು ವರ್ಷಗಳಿಂದ ಅವಳನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೂ, ಊರ ರೇಡಿಯೋಗಳನ್ನೆಲ್ಲ ಮಾತಾಡಿಸುವ ಈ ಪುಣ್ಯಾತ್ಮ ತಾನು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ತಾನೆಲ್ಲಿ, ಅವಳ ತಂದೆ ಯೇಸುದಾಸರ ಮನೆತನವೆಲ್ಲಿ ಎಂಬ ಅಳುಕು ಅವನಿಗೆ.

ಅವನ ಆಸರೆಯೆಂದರೆ ಮುಂಬಯಿಯಿಂದ ತಂದ ರಾಕ್ ಸಂಗೀತದ ಒಂದು ರೆಕಾರ್ಡು. ಅದರಲ್ಲೂ ಒಂದು ಬದಿಯ ಕೊನೆಯ ಹಾಡು. ಡ್ರಮ್ಮುಗಳ ಗುಡುಗು, ಗಿಟಾರಿನ ಆಕ್ರಂದನ, ನಡುವೆ ಬಿರಿದ ಗಂಡುದನಿ... ಇಂಗ್ಲಿಷ್ ಮಾತು ತಿಳಿಯದಿದ್ದರೂ ಅದು ತನ್ನದೇ ಸಂಕಟವೆಂದು ಅವನಿಗೆ ಅನಿಸುತ್ತಿತ್ತು. ಆರ್ಭಟ ಥಟ್ಟನೆ ನಿಂತೊಡನೆ, ಗ್ರಾಮಫೋನಿನ ದುಬಾರಿ ಮುಳ್ಳು ಸುಮ್ಮನೆ ಸವೆಯಬಾರದೆಂಬ ಕಸುಬಿನ ರೂಢಿಯಿಂದ ಅವನು ಅದನ್ನು ಎತ್ತಿಬಿಡುತ್ತಿದ್ದ. ಹೋದವಳು ಹೋದಳು, ಹಾಡು ಮುಗಿಯಿತು. ಅವನು ಕಂಡುಕೊಂಡ ಅರ್ಥ ಇಷ್ಟೇ.

ಅಂದು ರಾಹೇಲ ರಿಪೇರಿಗೆ ಕೊಟ್ಟ ರೇಡಿಯೋ ಒಯ್ಯಲು ಬಂದಾಗ ಅದೇ ಹಾಡು ನಡೆದಿತ್ತು. ಅವಳನ್ನು ಕಣ್ಣೆತ್ತಿ ನೋಡಲಾರದೆ ಅವನು ಅದರ ಅರ್ಥ ಕೇಳಿದ. ಅಷ್ಟರಲ್ಲಿ ಆರ್ಭಟ ನಿಂತಿತು. ಅವನ ಕೈ ಮುಳ್ಳಿನತ್ತ ಹೋಯಿತು. ಅವಳು ಆ ಕೈಯನ್ನೇ ಹಿಡಿದುಬಿಟ್ಟಳು!

"ತಡೀರಿ," ಎಂದಳು. "ಮಾತು ಅರ್ಧಕ್ಕ ನಿಂತೈತಿ. ಅಂವಾ ಇನ್ನೂ ಮುಗಿಸಿಲ್ಲ."

ಮೂರು ಉಸಿರಿನಷ್ಟು ಮೌನ... ಆಮೇಲೆ ಯಾವ ವಾದ್ಯದ ಆಸರೆಯೂ ಇಲ್ಲದೆ ಆ ದನಿ, ಮಳೆ ನಿಂತ ಮೇಲೆ ಹೆಂಚಿನಂಚಿನಿಂದ ಬೀಳುವ ಹನಿಗಳ ಹಾಗೆ, ನಾಲ್ಕೇ ಮಾತು ನುಡಿಯಿತು. ಎರಡು ವರ್ಷ ಕೇಳಿದ ಹಾಡಿನಲ್ಲಿ ಸತ್ಯವಂತ ಆ ನಾಲ್ಕು ಮಾತನ್ನು ಒಮ್ಮೆಯೂ ಕೇಳಿರಲಿಲ್ಲ.

"ಇಷ್ಟೊತ್ತನಕ ಹೋಗು ಹೋಗು ಅಂತ ಒದರಿದ," ಎಂದಳು ರಾಹೇಲ. "ಈಗ, ಹೋಗಬ್ಯಾಡ ಅಂತ ಕೇಳಾಕತ್ತಾನ. ಕೇಳಿದ್ರ ಆಕಿ ನಿಂತಾಳು... ಕೇಳಬೇಕಲ್ರಿ."

ರೇಡಿಯೋ ಎತ್ತಿಕೊಂಡು ಅವಳು ಹಿಂದಿರುಗಿ ನೋಡದೆ ಹೊರಟುಹೋದಳು.

ಮರುದಿನ ದೇವಾಲಯ ತುಂಬಿತ್ತು. ಪಾದ್ರಿಗಳು ಇಬ್ಬರ ಹೆಸರನ್ನೂ ಮೂರನೆಯ ಸಲ ಓದಿ, ತಕರಾರಿದ್ದವರು ಈಗಲೇ ಹೇಳಬೇಕೆಂದರು. ಒಂದು ಕೆಮ್ಮೂ ಕೇಳಿಸಲಿಲ್ಲ. ಹೆಂಗಸರ ಸಾಲಿನಲ್ಲಿ ಬಾಗಿದ ರಾಹೇಲಳ ತಲೆಯೊಂದೇ ಸತ್ಯವಂತನಿಗೆ ಕಾಣುತ್ತಿತ್ತು. ಪುಸ್ತಕ ಮುಚ್ಚಲು ಪಾದ್ರಿಗಳ ಕೈ ಎದ್ದಿತು...

"ತಡೀರಿ, ಅಯ್ಯನವರ," ಎಂದು ಅವನು ಎದ್ದು ನಿಂತ. "ತಕರಾರಲ್ಲರಿ. ಆಕಿನ್ನ ನಾ ಒಂದು ಮಾತು ಕೇಳಬೇಕಿತ್ತು. ಇನ್ನೂ ಕೇಳಿಲ್ಲ."

ಯೇಸುದಾಸರು ಕೆಂಡದಂತಾಗಿ ತಿರುಗಿದರು. ಆ ಕಡೆ ಸಾಲಿನಲ್ಲಿ ರಾಹೇಲ ಮೆಲ್ಲನೆ ಎದ್ದಳು.

"ಕೇಳ್ರಿ," ಎಂದಳು.

ಮನುಷ್ಯನ ಅಂತಃಕರಣವು ತನ್ನ ನಿಜವಾದ ಮಾತನ್ನು ಎಷ್ಟೋ ಸಲ ಮೌನದ ಆಚೆಗೇ ಬಚ್ಚಿಟ್ಟಿರುತ್ತದೆ... ಅಲ್ಲಿಯವರೆಗೂ ಕಾದಿದ್ದು ಕೇಳಿಸಿಕೊಳ್ಳುವವರೊಬ್ಬರು ಸಿಕ್ಕರೆ, ಅದೆಂಥ ಭಾಗ್ಯ!