ಆವೇಶಕ್ಕೆ ಒಂದೇ ಅರ್ಥ

‘ಚಾರ್ಜ್’ ಎಂಬ ಪದವನ್ನು ನಮ್ಮ ವಾರಪತ್ರಿಕೆಯಲ್ಲಿ ನಾನು ನಿಷೇಧಿಸಿದ್ದೆ. ನಿಷೇಧಿಸುವ ಅಧಿಕಾರ ನನಗಿರಲಿಲ್ಲ. ನಾನು ಉಪಸಂಪಾದಕ, ಕರಡು ತಿದ್ದುವವ, ಐದನೇ ಪುಟದ ಕೆಳಭಾಗದಲ್ಲಿ ಬರುತ್ತಿದ್ದ ವಿಜ್ಞಾನ ಅಂಕಣದ ಲೇಖಕ. ಆದರೆ ಉಡುಪಿಯ ನಮ್ಮ ಪುಟ್ಟ ಕಚೇರಿಯಲ್ಲಿ ಕರಡು ತಿದ್ದುವವನ ಕಣ್ಣು ತಪ್ಪಿಸಿ ಯಾವ ಪದವೂ ಅಚ್ಚಿಗೆ ಹೋಗುವಂತಿರಲಿಲ್ಲ. ಅಂಕಣದ ಮೊದಲ ಕಂತಿನಲ್ಲಿ ‘ವಿದ್ಯುದಾವೇಶ’ ಎಂದು ಬರೆದೆ. ಅದು ಶೀರ್ಷಿಕೆಯ ಸಾಲಿನಲ್ಲಿ ಹಿಡಿಯಲಿಲ್ಲ. ಎರಡನೇ ಕಂತಿನಿಂದ ‘ವಿದ್ಯುತ್’ ಬಿಟ್ಟು ‘ಆವೇಶ’ ಮಾತ್ರ ಉಳಿಸಿಕೊಂಡೆ.

ಸಂಪಾದಕ ಕರುಣಾಕರ ಶೆಟ್ಟರು 1979ರ ಜನವರಿಯ ಒಂದು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

“ತಾರಾನಾಥ, ಎಲೆಕ್ಟ್ರಾನಿಗೆ ಋಣ ಆವೇಶ ಉಂಟು ಅಂತ ಬರೆದಿದ್ದೀಯಲ್ಲ, ಓದಿದವನಿಗೆ ಎಂತ ಅರ್ಥ ಆಗ್ಬೇಕು? ಚಾರ್ಜ್ ಅಂತ ಬರಿ ಮಾರಾಯ.”

“ಚಾರ್ಜಿಗೆ ನಾಲ್ಕು ಅರ್ಥ ಉಂಟು ಶೆಟ್ರೇ. ಬಸ್ ಚಾರ್ಜ್, ಲಾಠಿ ಚಾರ್ಜ್, ತಹಶೀಲ್ದಾರರು ಚಾರ್ಜ್ ತಗೊಳ್ಳುವುದು, ಬ್ಯಾಟರಿ ಚಾರ್ಜ್. ಆವೇಶಕ್ಕೆ ಒಂದೇ ಅರ್ಥ.”

“ಒಂದೇ?”

“ಒಂದೇ.”

ಹೀಗೆ ಹೇಳಿದ ನಾನು ಹಿರಿಯಡ್ಕದಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ದೈವಸ್ಥಾನವಿದೆ. ಅಲ್ಲಿ ಪಾತ್ರಿಯ ಮೈಮೇಲೆ ದೈವ ಬರುವುದನ್ನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಅದನ್ನು ಊರಿನವರು ಏನೆನ್ನುತ್ತಾರೆ ಎಂದು ಯಾರಾದರೂ ಕೇಳಿದ್ದರೆ ತಕ್ಷಣ ಹೇಳುತ್ತಿದ್ದೆ. ಆದರೆ ಕರಡು ಕೈಗೆ ಬಂದರೆ ನನಗೆ ಪದಕೋಶ ಕಾಣಿಸುತ್ತದೆ, ಊರು ಕಾಣಿಸುವುದಿಲ್ಲ.

ಶೆಟ್ಟರು ಹೆಚ್ಚು ವಾದಿಸಲಿಲ್ಲ. ಅಂಕಣವನ್ನು ಯಾರೂ ಓದುತ್ತಿಲ್ಲ, ಆ ಜಾಗವನ್ನು ವಾರಭವಿಷ್ಯಕ್ಕೆ ಕೊಡುವುದೆಂದು ಅವರು ಆಗಲೇ ಅರ್ಧ ತೀರ್ಮಾನಿಸಿದ್ದರು. ನಾನು ಅಂಗಲಾಚಿದೆ. ಕೊನೆಗೆ ಒಂದು ಷರತ್ತು ಹಾಕಿದರು.

“ಕಾಪುವಿನ ಯುವಕ ಮಂಡಲದಲ್ಲಿ ಒಂದು ಉಪನ್ಯಾಸ ಇಡುವಾ. ಹಾಲ್ ತುಂಬಬೇಕು, ಮುಗಿಯುವವರೆಗೆ ಜನ ಕೂತುಕೊಳ್ಳಬೇಕು. ಮಧ್ಯದಲ್ಲಿ ಎದ್ದು ಹೋದರೆ ಆ ಜಾಗ ಕನ್ಯಾ ರಾಶಿಗೆ.”

ಕರಪತ್ರವನ್ನು ನಾನೇ ಬರೆದೆ. “ಆವೇಶ ಎಲ್ಲಿಂದ ಬರುತ್ತದೆ? ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆ. ಸಾರ್ವಜನಿಕರ ಕಣ್ಣೆದುರೇ ಆವೇಶ ಬರಿಸಿ ತೋರಿಸಲಾಗುವುದು.” ಕರಡನ್ನು ಎರಡೆರಡು ಸಲ ಓದಿ, ‘ಪ್ರಾತ್ಯಕ್ಷಿಕೆ’ಯಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರ ಹಿಡಿದು ಸರಿಪಡಿಸಿದೆ. ಕರಪತ್ರದಲ್ಲಿ ಒಂದೇ ಒಂದು ತಪ್ಪು ಉಳಿದಿಲ್ಲವೆಂದು ಅಚ್ಚಿನ ಮೊಳೆ ಜೋಡಿಸುವವನ ಎದುರು ಜಂಭ ಕೊಚ್ಚಿಕೊಂಡದ್ದೂ ನೆನಪಿದೆ.

ಮಣಿಪಾಲದ ಬಾಡಿಗೆ ಮನೆಯಲ್ಲಿ ತಾಲೀಮು ನಡೆಸಿದೆ. ಹಾರ್ಲಿಕ್ಸ್ ಬಾಟಲಿಯ ಬಾಯಿಗೆ ಬಿರಡೆ, ಬಿರಡೆಯ ನಡುವೆ ತಾಮ್ರದ ತಂತಿ, ತಂತಿಯ ತುದಿಗೆ ಸಿಗರೇಟು ಪ್ಯಾಕಿನಿಂದ ಸುಲಿದ ಬೇಗಡೆಯ ಎರಡು ಎಲೆ. ಗಾಜಿನ ಸಲಾಕೆಯನ್ನು ರೇಷ್ಮೆಗೆ ಉಜ್ಜಿ ತಂತಿಗೆ ಮುಟ್ಟಿಸಿದರೆ ಎಲೆಗಳೆರಡಕ್ಕೂ ಒಂದೇ ಬಗೆಯ ಆವೇಶ ಬಂದು, ಅವು ಒಂದನ್ನೊಂದು ತಳ್ಳಿ ಬಿಚ್ಚಿಕೊಳ್ಳಬೇಕು. ರೇಷ್ಮೆ ಎಂದರೆ ನಮ್ಮ ಮನೆಯಲ್ಲಿದ್ದದ್ದು ಹೆಂಡತಿ ಗುಣವತಿಯ ಮದುವೆ ಸೀರೆ ಒಂದೇ.

“ಹತ್ತು ವರ್ಷದಿಂದ ಮಡಿಸಿಟ್ಟದ್ದು. ನನ್ನನ್ನು ಒಂದು ಮದುವೆಗೆ ಕರ್ಕೊಂಡು ಹೋಗ್ಲಿಕ್ಕೆ ನಿಮಗೆ ಪುರುಸೊತ್ತಿಲ್ಲ,” ಎಂದಳು. “ಸೀರೆಯಾದರೂ ಊರು ನೋಡಿ ಬರಲಿ.”

ಗುಡ್ಡದ ಮೇಲಿನ ಒಣ ಮಧ್ಯಾಹ್ನದಲ್ಲಿ ಎಲೆಗಳು ಚಿಟ್ಟೆಯ ರೆಕ್ಕೆಯ ಹಾಗೆ ಬಿಚ್ಚಿಕೊಂಡವು. ಮತ್ತೆ ಮಾಡಿದೆ, ಮತ್ತೆ ಬಿಚ್ಚಿಕೊಂಡವು.

ಉಪನ್ಯಾಸವಿದ್ದ ಭಾನುವಾರ ಸಂಜೆ ಕಾಪುವಿನಲ್ಲಿ ಬಸ್ಸಿಳಿದು ಯುವಕ ಮಂಡಲಕ್ಕೆ ಹೋದಾಗ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಹಾಲ್ ತುಂಬಿ, ಕಿಟಕಿಗಳಲ್ಲೂ ಜನ ನಿಂತಿದ್ದರು. ಅಂಗಡಿ ಮುಚ್ಚಿ ಬಂದವರು, ದೋಣಿ ಕಟ್ಟಿ ಬಂದವರು, ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಂಗಸರು. ಕಡಲತಡಿಯ ಜನರಲ್ಲಿ ಎಲೆಕ್ಟ್ರಾನಿನ ಬಗ್ಗೆ ಇಷ್ಟು ಆಸಕ್ತಿಯಿದೆ ಎಂದು ಶೆಟ್ಟರತ್ತ ನೋಡಿ ಹುಬ್ಬು ಹಾರಿಸಿದೆ. ಅವರು ಕೊನೆಯ ಸಾಲಿನಲ್ಲಿ ಕುಳಿತು ತಲೆ ಎಣಿಸುತ್ತಿದ್ದರು.

ಬೇಬಿ ಎಂಬ ಹುಡುಗಿ ಬಾಳೆಎಲೆಯಲ್ಲಿ ಹಿಂಗಾರ, ಅಡಿಕೆ ಹೂವಿನ ಗೊನೆ, ಹಿಡಿದುಕೊಂಡು ಬಂದಳು. “ಸಾರ್, ಇದು ಈಗ ಬೇಕಾ?”

ಅತಿಥಿಗೆ ಹೂ ಕೊಡುವುದು ಈ ಊರಿನ ಕ್ರಮವಿರಬೇಕು ಎಂದುಕೊಂಡೆ. “ಕೊನೆಗೆ ಕೊಡಿ,” ಎಂದೆ.

“ಕೊನೆಗಾ?” ಎಂದು ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ನಾನು ಶುರು ಮಾಡಿದೆ. ಆವೇಶದಲ್ಲಿ ಎರಡು ಬಗೆ, ಧನ ಮತ್ತು ಋಣ. ಅದನ್ನು ಯಾರೂ ಹುಟ್ಟಿಸಲಾರರು, ಅಳಿಸಲಾರರು. ಅದು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಅಷ್ಟೆ. ಒಂದೇ ಬಗೆಯವು ಒಂದನ್ನೊಂದು ತಳ್ಳುತ್ತವೆ.

ಪಕ್ಕದ ಸೋಡಾ ಅಂಗಡಿಯ ಮೊಯಿದಿನಬ್ಬ ಕೈಯೆತ್ತಿದರು. “ಮಾಸ್ಟ್ರೇ, ಧನ ಆವೇಶ ಅಂದರೆ ದುಬೈಗೆ ಹೋದವರಿಗೆ ಬರುವುದಾ?”

ಜನ ನಕ್ಕರು. ನಾನು ನಗಲಿಲ್ಲ. “ಅಲ್ಲ. ಅದು ಪ್ರೋಟಾನಿಗೆ ಇರುವುದು,” ಎಂದು ವಿವರಿಸಿದೆ.

“ಒಂದೇ ಅಂಗಳದಲ್ಲಿ ಇಬ್ಬರಿಗೆ ಬಂದರೆ ತಳ್ಳಾಟ ಆಗ್ತದೆ ಅಂತೀರಲ್ಲ,” ಎಂದಿತು ಕಿಟಕಿಯ ಹೊರಗಿನ ಒಂದು ದನಿ, “ಅದು ಸತ್ಯ. ಹೋದ ವರ್ಷ ನಾವೇ ಕಂಡದ್ದು.”

ಈ ಸಲ ನಗು ಇನ್ನೂ ಜೋರಾಯಿತು. ಮುಂದಿನ ಸಾಲಿನಲ್ಲಿ ಬಿಳಿ ಮುಂಡು ಉಟ್ಟು, ಕೂದಲನ್ನು ಹಿಂದಕ್ಕೆ ಕಟ್ಟಿದ್ದ ಹಿರಿಯರೊಬ್ಬರು ಮಾತ್ರ ನಗದೆ ಕೇಳಿದರು. “ಸಾರ್, ಇವತ್ತು ಯಾರ ಮೈಮೇಲೆ ಬರಿಸ್ತೀರಿ?”

ನಾನು ಮಂಡಲದ ಕಾರ್ಯದರ್ಶಿ ಸುಂದರನತ್ತ ತಿರುಗಿದೆ. ಅವನು ಕಿವಿಯಲ್ಲಿ ಹೇಳಿದ. “ಅವರು ಕಿಟ್ಟಣ್ಣ, ನಮ್ಮ ದೈವಸ್ಥಾನದ ಪಾತ್ರಿ. ನೀವು ಬರಿಸಿ ತೋರಿಸ್ತೀರಿ ಅಂತ ಕರಪತ್ರದಲ್ಲಿ ಉಂಟಲ್ಲ, ನೋಡ್ಲಿಕ್ಕೆ ಬಂದಿದ್ದಾರೆ. ಎಲ್ಲರೂ ಅದಕ್ಕೇ ಬಂದದ್ದು.”

ಹಿಂಗಾರ ಯಾಕೆಂದು ಆಗ ಹೊಳೆಯಿತು. ಮೈಮೇಲೆ ಬರುವ ಹೊತ್ತಿಗೆ ಪಾತ್ರಿ ಕೈಗೆ ತೆಗೆದುಕೊಳ್ಳುವುದು ಅದನ್ನೇ. ನಾನು ಕೊನೆಗೆ ಕೊಡಿ ಎಂದಿದ್ದೆ.

“ಮನುಷ್ಯರ ಮೈಮೇಲೆ ಅಲ್ಲ,” ಎಂದೆ. “ಈ ಬಾಟಲಿಯ ಮೇಲೆ.”

“ಬಾಟಲಿಗೆ ಬರ್ತದಾ?” ಎಂದು ಯಾರೋ ಪಿಸುಗುಟ್ಟಿದರು. ಹೆಂಗಸರು ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡರು. ನಾನು ಕಾಗದದ ಪೊಟ್ಟಣ ಬಿಚ್ಚಿ ಗುಣವತಿಯ ಕೆಂಪು ರೇಷ್ಮೆ ಸೀರೆ ಹೊರತೆಗೆದಾಗ ಗೌರವ ಇನ್ನೂ ಹೆಚ್ಚಿತು.

ಸಲಾಕೆಯನ್ನು ಉಜ್ಜಿ ತಂತಿಗೆ ಮುಟ್ಟಿಸಿದೆ. ಎಲೆಗಳು ಅಲುಗಲಿಲ್ಲ. ಮತ್ತೆ ಉಜ್ಜಿದೆ. ಬೆವರು ಸಲಾಕೆಯ ಮೇಲೆ ತೊಟ್ಟಿಕ್ಕಿತು, ಒರೆಸಿ ಇನ್ನೊಮ್ಮೆ ಉಜ್ಜಿದೆ. ಕಿಟಕಿಯಿಂದ ಉಪ್ಪು ತೇವದ ಕಡಲ ಗಾಳಿ ಬೀಸುತ್ತಿತ್ತು. ಗಾಜಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು, ಬಂದ ಆವೇಶವೆಲ್ಲ ಅದರ ಮೂಲಕ ನನ್ನ ಕೈಗೆ, ಕೈಯಿಂದ ನೆಲಕ್ಕೆ ಹರಿದುಹೋಗುತ್ತಿತ್ತು. ಇದನ್ನು ಹಿಂದಿನ ತಿಂಗಳ ಅಂಕಣದಲ್ಲಿ ನಾನೇ ಬರೆದಿದ್ದೆ. ಅಂಕಣವನ್ನು ಓದದವರಲ್ಲಿ ನಾನೂ ಒಬ್ಬ ಎಂದು ತೋರುತ್ತದೆ.

“ಬರುವುದಿಲ್ಲ,” ಎಂದೆ ಕೊನೆಗೆ. “ಇವತ್ತು ಆವೇಶ ಬರುವುದಿಲ್ಲ.”

ಹಿಂದಿನ ಬೆಂಚುಗಳು ಕಿರುಗುಟ್ಟಿದವು. ಇಬ್ಬರು ಎದ್ದರು, ಅವರ ಹಿಂದೆ ಇನ್ನೂ ನಾಲ್ವರು ಎದ್ದರು. ನನ್ನ ಅಂಕಣ ಬಾಗಿಲಿನತ್ತ ನಡೆಯುತ್ತಿರುವುದು ನನಗೆ ಕಾಣುತ್ತಿತ್ತು.

ಕಿಟ್ಟಣ್ಣ ಎದ್ದು ನಿಂತು ಜನರತ್ತ ತಿರುಗಿದರು.

“ಎಲ್ಲಿಗೆ ಹೋಗ್ತೀರಿ? ಕೂತುಕೊಳ್ಳಿ. ಕರೆದ ಕೂಡಲೇ ಬರ್ಲಿಕ್ಕೆ ಅದೆಂತ ಬಾಡಿಗೆ ಕಾರಾ?” ಆಮೇಲೆ ನನ್ನತ್ತ ತಿರುಗಿ ದನಿ ತಗ್ಗಿಸಿದರು. “ನೀವು ಬೇಜಾರು ಮಾಡ್ಬೇಡಿ ಮಾರಾಯ್ರೇ. ಎರಡು ವರ್ಷದ ಹಿಂದೆ ನನಗೂ ಬರ್ಲಿಲ್ಲ. ಊರಿಡೀ ನಿಂತಿತ್ತು, ಬರ್ಲೇ ಇಲ್ಲ. ಆ ಕಷ್ಟ ನನಗೆ ಗೊತ್ತುಂಟು. ನಿಮ್ಮದು ಯಾಕೆ ಬರ್ಲಿಲ್ಲ, ಅದನ್ನು ಹೇಳಿ.”

ಎದ್ದವರು ಕೂತರು. ನಾನು ಹೇಳತೊಡಗಿದೆ. ನೀರಿನ ಪೊರೆಯ ವಿಷಯ, ಎಲೆಕ್ಟ್ರಾನ್ ಗಾಜಿನಿಂದ ರೇಷ್ಮೆಗೆ ದಾಟುವ ವಿಷಯ ಹೇಳಿದೆ. ಆವೇಶ ಅರ್ಧ, ಕಾಲು ಎಂದು ಬರುವುದಿಲ್ಲ, ಬಂದರೆ ಇಡಿಯಾಗಿಯೇ ಬರುತ್ತದೆ ಎಂದೂ ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ನಿಖರತೆಯ ಚಟ ಬಿಡಲಿಲ್ಲ. ಪ್ರೋಟಾನಿನ ಒಳಗೆ ಮೂರನೇ ಒಂದು, ಮೂರನೇ ಎರಡು ಪಾಲಿನ ಆವೇಶವುಳ್ಳ ಕ್ವಾರ್ಕ್‌ಗಳಿವೆ, ಆದರೆ ಅವು ಒಂಟಿಯಾಗಿ ಹೊರಗೆ ಕಾಣಿಸಿಕೊಂಡಿಲ್ಲ ಎಂದೂ ಸೇರಿಸಿದೆ.

ಕಿಟ್ಟಣ್ಣ ಮೂರು ಬೆರಳು ಮಡಿಸಿ ನೋಡಿದರು. “ಒಳಗೆ ಪಾಲು ಪಾಲಾಗಿ ಇರ್ತದೆ. ಹೊರಗೆ ಬರುವಾಗ ಪೂರ್ತಿ. ಹೌದು, ಸರಿ ಉಂಟು,” ಎಂದು ತಲೆಯಾಡಿಸಿದರು. ಅವರು ತಲೆಯಾಡಿಸಿದ್ದಕ್ಕೆ ಇಡೀ ಹಾಲ್ ತಲೆಯಾಡಿಸಿತು. ಕಣವಿಜ್ಞಾನಕ್ಕೆ ಕಾಪುವಿನಲ್ಲಿ ಅಷ್ಟು ಸುಲಭವಾಗಿ ಒಪ್ಪಿಗೆ ಸಿಕ್ಕಿದ್ದು ನನ್ನ ವಾದದಿಂದಲ್ಲ.

ಉಪನ್ಯಾಸ ಮುಗಿಯುವವರೆಗೆ ಒಬ್ಬರೂ ಏಳಲಿಲ್ಲ. ಬೇಬಿ ಹಿಂಗಾರ ತಂದು ನನ್ನ ಕೈಗೆ ಕೊಟ್ಟಳು. ಕೊನೆಗೆ ಕೊಡಲು ನಾನೇ ಹೇಳಿದ್ದೆನಲ್ಲ.

ಉಡುಪಿಗೆ ಮರಳುವ ಬಸ್ಸಿನಲ್ಲಿ ಶೆಟ್ಟರು ಕಟಪಾಡಿ ದಾಟುವವರೆಗೆ ಟಿಕೇಟಿನ ಹಿಂದೆ ಏನೋ ಲೆಕ್ಕ ಬರೆಯುತ್ತಿದ್ದರು. ಆಮೇಲೆ, “ಅಂಕಣ ಇರಲಿ,” ಎಂದರು.

“ಇನ್ನು ಮುಂದೆ ಚಾರ್ಜ್ ಅಂತಲೇ ಬರೀತೇನೆ ಶೆಟ್ರೇ.”

“ಹುಚ್ಚಾ ನಿನಗೆ? ಚಾರ್ಜ್ ಅಂತಿದ್ದರೆ ಅಲ್ಲಿ ಮೂರು ಜನ ಇರ್ತಿದ್ದದ್ದು. ನೀನು, ನಾನು, ಬೀಗ ತೆಗೀಲಿಕ್ಕೆ ಸುಂದರ. ಆವೇಶವೇ ಇರಲಿ. ಮುಂದಿನ ವಾರ ಎಂತ?”

“ಕಾಂತಕ್ಷೇತ್ರ.”

“ಕ್ಷೇತ್ರವಾ?” ಅವರು ಸೀಟಿನಲ್ಲಿ ನೆಟ್ಟಗೆ ಕೂತರು. “ಅದನ್ನು ಕಾರ್ಕಳದಲ್ಲಿ ಇಡುವಾ. ನಾಲ್ಕೂ ಕಡೆಯಿಂದ ಬಸ್ ಉಂಟು.”

ಮರುದಿನ ಬೆಳಿಗ್ಗೆ ಮಣಿಪಾಲದಲ್ಲಿ, ಕಚೇರಿಗೆ ಹೊರಡುವ ಮುಂಚೆ, ಬಾಟಲಿಯನ್ನು ಕಿಟಕಿಯ ಬಳಿ ಇಟ್ಟು ಸಲಾಕೆಯನ್ನು ಒಂದೇ ಒಂದು ಸಲ ಉಜ್ಜಿದೆ. ಎಲೆಗಳು ಫಟ್ಟನೆ ಬಿಚ್ಚಿಕೊಂಡು ಹಾಗೇ ನಿಂತವು. ಹಿಂಗಾರ ಪಕ್ಕದಲ್ಲೇ ಇತ್ತು.

ಗುಣವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

“ಬಂತಾ?”

“ಬಂತು.”

“ಹಾಗಾದರೆ ಹಾಲಿನವನು ಇವತ್ತು ಯಾಕೆ ಬರ್ಲಿಲ್ಲ ಅಂತ ಅದರ ಹತ್ತಿರವೇ ಕೇಳಿ ಹೇಳಿ,” ಎಂದು ಸೀರೆ ಮಡಿಸಿಕೊಂಡು ಒಳಗೆ ಹೋದಳು.