ಕಲ್ಲಿದ್ದಲು ಕೋಣೆಯ ಕಾವಲುಗಾರ

‘ವೀರಮರಣ’ ಎಂಬ ಮಾತಿನ ಮುಂದೆ ಅವಳ ಸೀಮೆಸುಣ್ಣ ನಿಂತಿತು. ಕಲ್ಲಿನಲ್ಲಿ ಅಕ್ಷರ ಕೆತ್ತುವುದು ಅವಳ ಕಸುಬು. ಸುಣ್ಣದಲ್ಲಿ ಬರೆದದ್ದನ್ನು ಒರೆಸಬಹುದು, ಉಳಿ ಬಿದ್ದರೆ ಮುಗಿಯಿತು. ಅದಕ್ಕೇ ಮುತ್ತಜ್ಜನ ಸ್ಮಾರಕದ ಕಲ್ಲಿಗೆ ಅವನು ಸತ್ತ ಇಸವಿ ಖಾತ್ರಿ ಮಾಡಿಕೊಳ್ಳಲು ಅಜ್ಜಿಯ ತಗಡಿನ ಪೆಟ್ಟಿಗೆ ತರಿಸಿದ್ದಳು. ಪೆಟ್ಟಿಗೆಯ ಹಿಂದೆಯೇ ಅಜ್ಜಿಯೂ ಬಂದು ಅಂಗಡಿಯಲ್ಲಿ ಕುರ್ಚಿ ಹಿಡಿದಿದ್ದಳು.

ಪೆಟ್ಟಿಗೆಯಲ್ಲಿದ್ದದ್ದು ಎರಡೇ ಕಾಗದ. ಒಂದು ತಂತಿ: ಗಿರಣಿಯ ಕೆಲಸ ಬಿಟ್ಟು ಸೈನ್ಯ ಸೇರಿದ್ದ ಅಜ್ಜಿಯ ಅಪ್ಪ ಯುದ್ಧದಲ್ಲಿ ಸತ್ತನೆಂದು. ಇನ್ನೊಂದು ಸೈನ್ಯದ ಆಸ್ಪತ್ರೆಯ ಚೀಟಿ. ಅದೇ ಹೆಸರು, ಅದೇ ನಂಬರು; ಕೆಳದವಡೆ ಹೋಗಿದೆ, ಮನೆಗೆ ಕಳಿಸಿದೆ. ತಾರೀಖು ತಂತಿಗಿಂತ ಹತ್ತು ತಿಂಗಳು ಈಚಿನದು.

ಮನೆಯಲ್ಲಿ ಅವನ ಕಥೆ ವರ್ಷವರ್ಷವೂ ಬೆಳೆದಿತ್ತು. ಮೂವರನ್ನು ಕೊಂದವನು ಈಗ ಹನ್ನೊಂದು ಜನರನ್ನು ಕೊಂದಿದ್ದ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಅವಳು ಚೀಟಿಯನ್ನು ಅಜ್ಜಿಯ ಮುಂದೆ ಹಿಡಿದಳು.

ಅಜ್ಜಿ ನಿಧಾನವಾಗಿ ಹೇಳಿದಳು. ತಂತಿ ಬಂದ ಮೇಲೆ ಗಿರಣಿಯವರು ಸತ್ತವನ ಹಳೆಯ ಕೆಲಸವನ್ನೂ ಎರಡು ಕೋಣೆಯ ಮನೆಯನ್ನೂ ಅವನ ಅಣ್ಣನಿಗೆ ಕೊಟ್ಟರು. ಅಣ್ಣ ಬೇರೂರಿದ ಮೇಲೆ ಸತ್ತವನು ರೈಲಿನಿಂದಿಳಿದ. ಬದುಕಿದ್ದಾನೆಂದು ಗೊತ್ತಾದರೆ ಕೆಲಸವೂ ಹೋಯಿತು, ಸೂರೂ ಹೋಯಿತು. ಹಿತ್ತಲಿನ ಕಲ್ಲಿದ್ದಲು ಕೋಣೆಗೆ ಹಾಕಿದರು. ಯಾರೋ ಮೂಗ, ಕಾವಲಿಗಿದ್ದಾನೆ ಎಂದು ಬೀದಿಗೆ ಹೇಳಿದರು. ಅವನ ಮೂರು ವರ್ಷದ ಮಗಳಿಗೂ ಅದನ್ನೇ ಹೇಳಿದರು. ಜೊಲ್ಲು, ಕೀವು, ನೊಣ. ತಟ್ಟೆಯನ್ನು ಸಲಿಕೆಯಿಂದ ಒಳಗೆ ತಳ್ಳುತ್ತಿದ್ದರು. ಹಾಗೆ ಆರು ವರ್ಷ.

“ಅವನಿಗೆ ಅಗಿಯೋಕೆ ಆಗ್ತಿರ್ಲಿಲ್ಲ,” ಎಂದಳು ಅಜ್ಜಿ. “ಹಣ್ಣು ಕೊಟ್ರೆ ನನಗೇ ಎತ್ತಿಡೋನು. ನಾನದನ್ನ ಮೂರು ಸಲ ತೊಳೆದು ತಿಂತಿದ್ದೆ. ಅವನ ಎದುರಿಗೇ. ಅಪ್ಪ ಅಂತ ಅಮ್ಮ ಹೇಳಿದ್ದು ಹೆಣ ಹೋದ್ಮೇಲೆ.”

ಆಗಲೇ ದೊಡ್ಡಪ್ಪ ಬಂದ, ತಾಯಿಗೆಂದು ಒಂದು ಚೀಲ ಸೇಬು ಹಿಡಿದುಕೊಂಡು. ಅವನ ಮಗ ವಾರ್ಡಿನ ಚುನಾವಣೆಗೆ ನಿಂತಿದ್ದ. ಅವನ ಪ್ರಚಾರಕ್ಕೆಂದು ಭಾನುವಾರ ಬೀದಿಯ ತುದಿಯಲ್ಲಿ ಈ ಕಲ್ಲು ನಿಲ್ಲಬೇಕಿತ್ತು. ಅವಳು ಚೀಟಿ ತೋರಿಸಿದಳು. ಅವನು ಓದುವ ಗೋಜಿಗೇ ಹೋಗಲಿಲ್ಲ.

“ನನಗೇನು ಗೊತ್ತಿಲ್ವೇನೇ? ದವಡೆ ಇಲ್ದೋನ ಕಥೆ ಯಾರಿಗೆ ಬೇಕು? ಜನ ಊಟ ಮಾಡ್ಕೊಂಡು ಬಂದಿರ್ತಾರೆ.”

ಎನ್ನುತ್ತಾ ಕರ್ಚೀಫು ತೆಗೆದು ಮೂಗಿಗೆ ಹಿಡಿದುಕೊಂಡ, ಎಪ್ಪತ್ತು ವರ್ಷದ ಹಳೆಯ ಕಾಗದ ಈಗಲೂ ನಾರುತ್ತಿರುವಂತೆ. ಕರ್ಚೀಫಿಗೆ ಅತ್ತರು ಹಾಕಿದ್ದ. ಅವಳು ಒದ್ದೆ ಬಟ್ಟೆ ತೆಗೆದುಕೊಂಡು ‘ವೀರಮರಣ’ವನ್ನು ಒರೆಸಿಹಾಕಿದಳು.

“ಕೆತ್ತೋಳು ನೀನೊಬ್ಬಳೇ ಅಲ್ಲ,” ಎಂದ ದೊಡ್ಡಪ್ಪ.

“ಅಲ್ಲ. ಆದ್ರೆ ಈ ಕಲ್ಲು ನನ್ನದು.”

ಅವನು ತಾಯಿಯ ಕಡೆ ನೋಡಿದ, ಬುದ್ಧಿ ಹೇಳಲಿ ಎಂಬಂತೆ. ಅಜ್ಜಿ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಅವನು ಹಣ್ಣಿನ ಚೀಲ ಅಲ್ಲೇ ಕುಕ್ಕಿ ಹೊರಟುಹೋದ.

ಸತ್ತ ವರ್ಷ ಯಾವುದೆಂದು ಅವಳು ಕೇಳಿದಳು. ತನಗೆ ಒಂಬತ್ತು ತುಂಬಿದ ವರ್ಷ, ಎಂದಳು ಅಜ್ಜಿ. ಅವಳು ಇಸವಿ ಬರೆದು, ಕೆಳಗೆ ‘ಮನೆಯ ಕಲ್ಲಿದ್ದಲು ಕೋಣೆಯಲ್ಲಿ ತೀರಿಕೊಂಡರು’ ಎಂದು ಬರೆದು, ಉಳಿ ಇಟ್ಟಳು. ಕಲ್ಲಿನ ಹುಡಿ ಎದ್ದು ಮೇಜಿನ ಮೇಲೆ, ಕಾಗದದ ಮೇಲೆ, ಸೇಬುಗಳ ಮೇಲೆ ಬೆಳ್ಳಗೆ ಕೂತಿತು.

ಅಜ್ಜಿ ಕೈಚಾಚಿ ಒಂದು ಹಣ್ಣು ತೆಗೆದುಕೊಂಡಳು. ಅದನ್ನು ತೊಳೆದುಕೊಡಲು ಮೊಮ್ಮಗಳು ಉಳಿ ಕೆಳಗಿಟ್ಟು ನೀರಿನ ಚೊಂಬಿಗೆ ಎದ್ದಳು. ಅಜ್ಜಿ ಬೇಡವೆಂದು ತಲೆಯಾಡಿಸಿ, ಹುಡಿಯ ಸಮೇತ, ಉಳಿದಿದ್ದ ನಾಲ್ಕು ಹಲ್ಲುಗಳಲ್ಲಿ ಕಚ್ಚಿದಳು.