ಹುಳ ಬಿದ್ದ ಹೊಲಕ್ಕೆ ವಿಮೆ

ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಮ್ಮತ್ತೆಯ ಹಸಿರು ಸೀರೆ ಹಾಸಿ ಸೋಪು ಹಚ್ಚುತ್ತಿದ್ದೆ. ಸೆರಗಿನ ತುದಿಯಲ್ಲಿ ಒಂದು ಗಂಟು ಕೈಗೆ ತಾಗಿತು. ಬಸ್ಸಿನ ಚಿಲ್ಲರೆ ಇರಬೇಕೆಂದು ಬಿಚ್ಚಿದರೆ ಮಾತ್ರೆಯ ಹಾಳೆ. ಹತ್ತರಲ್ಲಿ ಆರು ಖಾಲಿಯಾಗಿದ್ದವು. ಹೆಸರು ಓದುವ ಮೊದಲೇ ನನಗೆ ಗುರುತು ಸಿಕ್ಕಿತು. ನ್ಯಾಮತಿಯಲ್ಲಿ ನಮ್ಮಪ್ಪ ಎಂಟು ವರ್ಷದಿಂದ ದಿನಾ ಬೆಳಿಗ್ಗೆ ನುಂಗುವುದು ಇದೇ ಮಾತ್ರೆ. ಬಿಪಿಯದು.

ಸೋಪಿನ ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತಿದ್ದೆ. ಹಿಂದಿನಿಂದ ಮಗಳು ದುರ್ಗಾಂಬಿಕಾ ಬಂದಳು. ಮೂರನೇ ಕ್ಲಾಸು, ಶಾಲೆಗೆ ಅವತ್ತು ರಜೆ. ಜಡೆ ಹಾಕಿಸಿಕೊಳ್ಳಲು ಬಾಚಣಿಗೆ, ಟೇಪು ಎರಡನ್ನೂ ತಂದಿದ್ದಳು.

"ಅದು ಅಜ್ಜಿದು," ಎಂದಳು.

"ನಿನಗೆ ಹೆಂಗೆ ಗೊತ್ತು?"

ತುಟಿಗಳನ್ನು ಬಾಯೊಳಗೆ ಮಡಚಿಕೊಂಡು ತಲೆ ಅಲ್ಲಾಡಿಸಿದಳು. ಆಮೇಲೆ, "ಹೇಳಂಗಿಲ್ಲ," ಎಂದಳು.

ನಾನು ಒತ್ತಾಯ ಮಾಡಲಿಲ್ಲ. ಎಂಟು ವರ್ಷದ ಮಗುವಿನ ಹೊಟ್ಟೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು, ತಾನಾಗಿ ಬರಲಿ ಎಂದುಕೊಂಡೆ. ಮಾತ್ರೆಯ ಹಾಳೆಯನ್ನು ಸೀರೆಯಂಚಿಗೆ ಒರೆಸಿ ಅತ್ತೆಯ ದಿಂಬಿನ ಕೆಳಗೆ ಇಟ್ಟುಬಂದೆ. ತಿಂಗಳಿಗೊಮ್ಮೆ ಅವರು ಕತ್ತಲಗೆರೆಯ ತಂಗಿಯ ಮನೆಗೆ ಹೋಗಿ ಅದೇ ದಿನ ವಾಪಸು ಬರುತ್ತಿದ್ದುದು ಈ ಮಾತ್ರೆ ತರಲಿಕ್ಕೇ ಎಂದು ಆಗ ಹೊಳೆಯಿತು.

ಬೇರೆ ದಿನವಾಗಿದ್ದರೆ ಇದನ್ನು ನಿಧಾನಕ್ಕೆ ನೋಡಿಕೊಳ್ಳುತ್ತಿದ್ದೆ. ಆದರೆ ನಮ್ಮತ್ತೆ ಗಾದ್ರಮ್ಮ ಭಾನುವಾರ ಮಸ್ಕತ್ತಿಗೆ ಹೊರಟಿದ್ದರು. ಅವರ ಮಗಳು, ಅಂದರೆ ನನ್ನ ನಾದಿನಿ ಸಂಧ್ಯಾರಾಣಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮದುವೆಯಾದ ಒಂಬತ್ತು ವರ್ಷಕ್ಕೆ ಬಸುರಿಯಾಗಿದ್ದಾಳೆ, ಮುಂದಿನ ತಿಂಗಳು ಹೆರಿಗೆ. ಸಂತೇಬೆನ್ನೂರಿನ ನಮ್ಮ ಬೀದಿಯ ಅರ್ಧ ಮಕ್ಕಳಿಗೆ ಮೊದಲ ನೀರು ಎರೆದವರು ನಮ್ಮತ್ತೆ. ಸ್ವಂತ ಮಗಳ ಮಗುವಿಗೆ ಎರೆಯುವ ಯೋಗ ಬಂದದ್ದು ಈಗ. ಮೂರು ತಿಂಗಳ ಬಾಣಂತನಕ್ಕೆ ಟಿಕೆಟ್ಟು, ವೀಸಾ ಎಲ್ಲಾ ಆಗಿತ್ತು. ಉಳಿದದ್ದು ಆರೋಗ್ಯ ವಿಮೆ ಒಂದೇ. ಅದಿಲ್ಲದೆ ಹೊರಡಿಸಬೇಡಿ, ಇಲ್ಲಿ ಒಂದು ದಿನ ಆಸ್ಪತ್ರೆಯಲ್ಲಿ ಮಲಗಿದರೆ ನಿಮ್ಮ ಒಂದು ವರ್ಷದ ಬೆಳೆ ಹೋಗುತ್ತದೆ ಎಂದು ಸಂಧ್ಯಾರಾಣಿ ಖಡಾಖಂಡಿತವಾಗಿ ಹೇಳಿದ್ದಳು. ವಿಮೆಯ ಅರ್ಜಿ ತುಂಬಿಸಲು ಚನ್ನಗಿರಿಯಿಂದ ಇಲಿಯಾಸ್ ಹನ್ನೊಂದು ಗಂಟೆಗೆ ಬರುವವನಿದ್ದ.

ಮನೆಯವರು ಹಿತ್ತಿಲಲ್ಲಿ ಮೆಕ್ಕೆಜೋಳ ಬಿಡಿಸುವ ಮಷೀನಿಗೆ ಗ್ರೀಸು ಹಚ್ಚುತ್ತಿದ್ದರು. ಹೋಗಿ ವಿಷಯ ಹೇಳಿದೆ.

"ಅವ್ವಂಗೆ ಬಿಪಿನಾ?" ವೆಂಕಟೇಶ್ ಎದ್ದು ನಿಂತರು. "ನೀನೇ ಒಂದು ಮಾತು ಕೇಳಿಬಿಡು."

"ನಿಮ್ಮ ತಾಯಿ. ನೀವು ಕೇಳ್ರಿ."

"ನಾನು ಕೇಳಿದ್ರೆ ಕಡ್ಡಿ ಮುರಿದಂಗೆ ಇಲ್ಲ ಅಂತಾಳೆ. ಒಂದ್ಸಲ ಇಲ್ಲ ಅಂದ ಮ್ಯಾಲೆ ನಮ್ಮವ್ವ ಹೌದು ಅಂದಿದ್ದು ಯಾವಾಗ?" ಎಂದು ಮತ್ತೆ ಗ್ರೀಸಿನ ಡಬ್ಬಿಗೆ ಕೈ ಹಾಕಿದರು.

ಅದೂ ನಿಜವೇ. ಇನ್ನು ನಾನೋ, ಸೊಸೆ. ಹನ್ನೆರಡು ವರ್ಷದಲ್ಲಿ ಅತ್ತೆಯ ಆರೋಗ್ಯವನ್ನು "ಊಟ ಸೇರ್ತಾ ಅತ್ತೆ?" ಎಂದು ಕೇಳಿ ತಿಳಿದುಕೊಂಡವಳು. ಅವರು ತಾವಾಗಿ ಮುಚ್ಚಿಟ್ಟದ್ದನ್ನು ಎದುರು ನಿಂತು ಬಿಚ್ಚು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇಲಿಯಾಸ್ ಬಂದಾಗ ಅತ್ತೆ ಜಗಲಿಯ ಮೇಲೆ ಬಾಣಂತಿ ಸಾಮಾನು ಹರವಿಕೊಂಡು ಕೂತಿದ್ದರು. ಬಜೆ, ಅಂಟು, ಒಣಶುಂಠಿ, ಲೋಬಾನ, ಎರಡು ಕೇಜಿ ಒಣಕೊಬ್ಬರಿ. ಮಸ್ಕತ್ತಿನಲ್ಲಿ ಇವೆಲ್ಲ ಸಿಗುತ್ತವೆ ಎಂದರೆ ಅವರಿಗೆ ನಂಬಿಕೆ ಇಲ್ಲ. ಸಿಕ್ಕರೂ ಹಳೆಯದಿರುತ್ತವಂತೆ.

ಇಲಿಯಾಸ್ ಬಸ್ ನಿಲ್ದಾಣದ ಹತ್ತಿರ ಟ್ರಾವೆಲ್ಸ್ ಅಂಗಡಿ ಇಟ್ಟಿದ್ದಾನೆ. ಟಿಕೆಟ್ಟು ಮಾಡಿಸುತ್ತಾನೆ, ಮೆಕ್ಕಾದ ಉಮ್ರಾ ಯಾತ್ರೆಗೆ ಜನ ಕಳಿಸುತ್ತಾನೆ, ವಿಮೆಯನ್ನೂ ಮಾಡಿಸುತ್ತಾನೆ. ಅವನ ತಂದೆ ನನ್ನೇಸಾಬ ನಮ್ಮೂರ ಸಂತೆಯಲ್ಲಿ ಪಾತ್ರೆ ಮಾರುತ್ತಿದ್ದವರು. ಅತ್ತೆಗೆ ಇವತ್ತಿಗೂ ಅವನು ನನ್ನೇಸಾಬನ ಮಗನೇ.

"ನಿಮ್ಮಪ್ಪ ಕೊಡ ಮಾರುವಾಗ ನೀರು ಹುಯ್ದು ತೋರಿಸ್ತಿದ್ದ, ಸೋರಲ್ಲ ನೋಡವ್ವ ಅಂತ. ನೀನು ಕಾಗದ ಮಾರ್ತೀಯ. ಇದಕ್ಕೆ ಎಲ್ಲಿ ನೀರು ಹುಯ್ಯೋದಪ್ಪ?"

"ಪ್ರಶ್ನೆ ಕೇಳ್ರಿ ಅಮ್ಮ. ಕೇಳೋದೇ ನೀರು ಹುಯ್ದಂಗೆ," ಎಂದು ಇಲಿಯಾಸ್ ನಕ್ಕು ಎರಡು ಕಾಗದಗಳನ್ನು ಜಗಲಿಯ ಮೇಲಿಟ್ಟ.

ಒಂದು ಸಾದಾ ವಿಮೆ, ಕಡಿಮೆ ದರದ್ದು. ಅಲ್ಲಿಗೆ ಹೋದ ಮೇಲೆ ಹೊಸದಾಗಿ ಬಂದ ಜ್ವರ, ಬಿದ್ದು ಮುರಿದ ಕೈಕಾಲು, ಇಂಥವಕ್ಕೆ ಕೊಡುತ್ತದೆ. ಮೊದಲೇ ಇರುವ ಕಾಯಿಲೆಯಿಂದ ಏನಾದರೂ ಆದರೆ ಕೊಡುವುದಿಲ್ಲ. ಇನ್ನೊಂದಕ್ಕೆ ದರ ಹೆಚ್ಚು. ಹಳೆಯ ಕಾಯಿಲೆ ಅಲ್ಲಿ ಇದ್ದಕ್ಕಿದ್ದಂತೆ ಉಲ್ಬಣಿಸಿ ಪ್ರಾಣಕ್ಕೆ ಬಂದರೆ ಅದಕ್ಕೂ ಒಂದು ಮಿತಿಯವರೆಗೆ ಕೊಡುತ್ತದೆ, ಆದರೆ ಆ ಕಾಯಿಲೆಯ ಹೆಸರನ್ನು ಅರ್ಜಿಯಲ್ಲಿ ಮೊದಲೇ ಬರೆದಿರಬೇಕು. ಸಂಧ್ಯಾರಾಣಿಯ ಮನೆಗೆ ಹತ್ತಿರದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ, ದುಡ್ಡು ನಾವು ಕಟ್ಟಿ ಆಮೇಲೆ ಪಡೆಯಬೇಕೋ ಅಥವಾ ಅವರೇ ಆಸ್ಪತ್ರೆಗೆ ಕಟ್ಟುತ್ತಾರೋ, ಮೂರು ತಿಂಗಳು ನಾಲ್ಕಾದರೆ ಮುಂದುವರಿಸಬಹುದೋ ಎಂದು ನಾನು ಕೇಳಿದೆ. ಎಲ್ಲಕ್ಕೂ ಕಾಗದದಲ್ಲಿ ಸಾಲು ತೋರಿಸಿ ಉತ್ತರ ಹೇಳಿದ. ಒಂದು ಸಾಲಿಗೆ ಬಂದಾಗ ಮಾತ್ರ ಗಂಟಲಲ್ಲೇ ಏನೋ ಗೊಣಗಿ ಮುಂದೆ ಹೋದ.

"ಅದ್ಯಾಕೆ ನುಂಗಿದೆ? ಓದು," ಎಂದರು ಅತ್ತೆ.

"ಅದು... ಅಲ್ಲೇ ಏನಾದ್ರೂ ಆಗಿ ಹೋದ್ರೆ ಊರಿಗೆ ತಂದುಕೊಡೋ ಖರ್ಚು ಅಮ್ಮ. ಎರಡರಾಗೂ ಐತೆ."

"ಹೋಗುವಾಗ ಕೂತ್ಕೊಂಡು ಹೋಗೋದು, ಬರುವಾಗ ಮಲಗಿಕೊಂಡು ಬರೋದು ಅನ್ನು. ಒಳ್ಳೇ ಕಂಪನಿ ಬಿಡು, ವಯಸ್ಸಾದೋರಿಗೆ ಕಾಲು ಚಾಚಾಕೆ ಜಾಗ ಕೊಡ್ತಾರೆ." ತಾವೇ ಹೇಳಿ ತಾವೇ ನಕ್ಕರು. ಇಲಿಯಾಸ್ ನಗಬಹುದೋ ಬಾರದೋ ಗೊತ್ತಾಗದೆ ಟೀ ಕುಡಿದ.

ಆಮೇಲೆ ಅತ್ತೆ ನಿಜವಾಗಿ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದರು. "ಅಲ್ಲಪ್ಪ, ಇದಕ್ಕೆ ಇಷ್ಟು ದುಡ್ಡು ಯಾಕೆ? ನನಗೊಬ್ಬಳಿಗೆ ಕಾಯಿಲೆ ಬಂದ್ರೆ ಕೊಡಾಕಿಲ್ಲವಲ್ಲ. ಮಸ್ಕತ್ತಿಗೆಲ್ಲಾ ಬರಬೇಕಲ್ಲ."

ಇಲಿಯಾಸ್ ಲೋಟ ಕೆಳಗಿಟ್ಟ. "ಯಾರು ಹೇಳಿದ್ರಮ್ಮ ಹಂಗಂತ?"

"ಹೇಳೋದೇನು, ಅನುಭವಿಸೀನಿ. ನಮ್ಮ ಮೆಕ್ಕೆಜೋಳಕ್ಕೆ ಲದ್ದಿ ಹುಳ ಬಿತ್ತು. ವಿಮೆ ಕಟ್ಟಿದ್ವಿ. ಕೇಳಾಕೆ ಹೋದ್ರೆ, ನಿಮ್ಮ ಹೊಲ ಒಂದು ಹೋದ್ರೆ ಬರಲ್ಲವ್ವ, ಪಂಚಾಯ್ತಿ ಬೆಳೆಯೆಲ್ಲಾ ಹೋಗಬೇಕು ಅಂದ್ರು. ಈಗ ನನ್ನ ಸಲುವಾಗಿ ಆ ಊರೋರೆಲ್ಲಾ ಹಾಸಿಗೆ ಹಿಡೀತಾರಾ?"

ಅಷ್ಟರಲ್ಲಿ ಒಳಗೆ ಹೋಗಿ ಹಿಟ್ಟು ಕಲಸುತ್ತಿದ್ದ ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಇಲಿಯಾಸ್ ಪಾಪ, ಐದು ನಿಮಿಷ ಬಿಡಿಸಿ ಹೇಳಿದ. ಅದು ಬೆಳೆಯ ವಿಮೆ, ಇದು ಮನುಷ್ಯರದು. ಇಲ್ಲಿ ಒಬ್ಬೊಬ್ಬರೂ ಒಂದೊಂದು ಪಂಚಾಯ್ತಿ ಇದ್ದಂತೆ. ಗಾದ್ರಮ್ಮ ಒಬ್ಬರಿಗೆ ಬಂದರೂ ಗಾದ್ರಮ್ಮನಿಗೆ ಕೊಡುತ್ತಾರೆ.

"ಹಂಗಾ," ಎಂದರು ಅತ್ತೆ. ಮುಖದಲ್ಲಿ ಅರ್ಧ ನಂಬಿಕೆ ಬಂದಿತ್ತು. "ಆದ್ರೆ ಹುಳ ಬಿದ್ದ ಮ್ಯಾಲೆ ಹೊಲಕ್ಕೆ ವಿಮೆ ಕೊಡು ಅಂತ ಹೋದ್ರೆ ಯಾವನು ಕೊಡ್ತಾನೆ? ಬಂದು ನೋಡಿ, ಹುಳ ಐತೆ ಅಂತ ಬರ್ಕೊಂಡು ಹೋಗ್ತಾರೆ ಅಷ್ಟೆ."

"ಇಲ್ಲಿ ಕೊಡ್ತಾರೆ. ಹುಳ ಐತೆ ಅಂತ ನೀವೇ ಮೊದಲು ಹೇಳಿದ್ರೆ. ಹೇಳದೆ ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ಎರಡು ಕಾಗದವೂ ರದ್ದಿಗೆ." ಪೆನ್ನು ತೆಗೆದ. "ಅದಕ್ಕೇ ಕೇಳ್ತೀನಿ. ಬಿಪಿ, ಶುಗರ್, ಹೃದಯದ್ದು, ಏನಾದ್ರೂ ಐತಾ?"

ನಾನು ಹಿಟ್ಟಿನ ಕೈಯನ್ನು ಹಾಗೇ ಹಿಡಿದೆ. ಹಿತ್ತಿಲ ಬಾಗಿಲಲ್ಲಿ ಮನೆಯವರೂ ನಿಂತಿದ್ದರು. ದುರ್ಗಾಂಬಿಕಾ ಕಂಬ ತಬ್ಬಿಕೊಂಡು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

"ನಮ್ಮ ತವರು ಬಿಳಿಚೋಡಿನ ಕಡೇರು ಕುರಿ ಹಿಂದೆ ನಡೆದು ಬೆಳೆದೋರು. ನಮಗೆಲ್ಲಿ ಬರ್ತಾವೆ ಅವು," ಎಂದು ಅತ್ತೆ ಕೊಬ್ಬರಿ ಚೀಲದ ಬಾಯಿ ಕಟ್ಟತೊಡಗಿದರು.

ಇಲಿಯಾಸ್ ಸಂಜೆ ಐದಕ್ಕೆ ಮತ್ತೆ ಬರುತ್ತೇನೆಂದು ಎದ್ದ. ಹೊನ್ನಾಳಿಯ ಉಮ್ರಾ ಗುಂಪಿನವರು ಅಂಗಡಿಯಲ್ಲಿ ಕಾಯುತ್ತಿದ್ದರಂತೆ. ಐದಕ್ಕೆ ಸಂಧ್ಯಾರಾಣಿಯೂ ಫೋನ್ ಮಾಡುತ್ತಾಳೆ, ಎಲ್ಲರೂ ಕೂತು ಯಾವುದೆಂದು ಆರಿಸಿ, ಇವತ್ತೇ ಕಳಿಸದಿದ್ದರೆ ಭಾನುವಾರಕ್ಕೆ ಕೈಗೆ ಸಿಗುವುದಿಲ್ಲ ಎಂದು ಹೇಳಿ ಹೋದ.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ನಾನು ಒಂದು ಪ್ರಯತ್ನ ಮಾಡಿದೆ. ಅತ್ತೆಯ ತಟ್ಟೆಗೆ ಉಪ್ಪಿನಕಾಯಿ ಹಾಕದೆ ಮುಂದೆ ಹೋದೆ.

"ನನಗ್ಯಾಕೆ ಇಲ್ಲ?"

"ನಮ್ಮಪ್ಪಂಗೆ ಡಾಕ್ಟ್ರು ಉಪ್ಪು ಕಡಿಮೆ ಮಾಡ್ಸಿದಾರೆ ಅತ್ತೆ, ಅದೇ ಜ್ಞಾನದಾಗೆ ಬಿಟ್ಟೆ," ಎಂದೆ. "ಬಿಪಿ ಐತಲ್ಲ ಅವ್ರಿಗೆ. ಆದ್ರೂ ಮಾತ್ರೆ ತಗೊಂಡು ಆರಾಮಾಗಿ ಓಡಾಡ್ತಾರೆ. ಈಗ ಅದೇನು ದೊಡ್ಡದಲ್ಲ."

ಅತ್ತೆ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ನಿಮ್ಮಪ್ಪಂಗೆ ನರ್ಸ್ ಮಗಳಿಲ್ಲವಲ್ಲ," ಎಂದರು. "ಹೋದ ವರ್ಷ ಏನಂದಿದ್ಲು ಗೊತ್ತಾ ಸಂಧ್ಯಾ? ಯಾರೋ ಅಜ್ಜಿ ಮಗನ ಮನೆಗೆ ಅಂತ ಬಂದು ಬಿಪಿ ಏರಿ ಇವಳ ವಾರ್ಡಿನಾಗೇ ಮಲಗಿತ್ತಂತೆ. ಇಂಥೋರನ್ನ ಯಾಕಾದ್ರೂ ಕಳಿಸ್ತಾರೋ, ಮನ್ಯಾಗೆ ಇರಬಾರದಾ ಅಂದ್ಲು." ಅಷ್ಟು ಹೇಳಿ, ತಾವೇ ಕೈ ಚಾಚಿ ಜಾಡಿಯಿಂದ ಒಂದು ಹೋಳು ಉಪ್ಪಿನಕಾಯಿ ತೆಗೆದುಕೊಂಡರು. ಬಾಯಿಗೆ ಹಾಕಲಿಲ್ಲ. ಊಟ ಮುಗಿಯುವವರೆಗೂ ಅದು ತಟ್ಟೆಯ ಅಂಚಿನಲ್ಲೇ ಇತ್ತು.

ನನಗೆ ಆಗ ತಿಳಿಯಿತು. ಅವರು ಮುಚ್ಚಿಟ್ಟದ್ದು ವಿಮೆಯವರಿಂದಲ್ಲ, ಮಗಳಿಂದ. ಸೊಸೆಯಾಗಿ ನಾನು ಸಂಧ್ಯಾರಾಣಿಗೆ ಫೋನ್ ಮಾಡಿ ಹೇಳಿಬಿಡಬಹುದಿತ್ತು. ಎರಡು ಸಲ ಫೋನ್ ಕೈಗೆ ತೆಗೆದುಕೊಂಡೆ. ಚಾಡಿ ಹೇಳಿದಂತಾಗುತ್ತದೆ ಎಂದು ಎರಡು ಸಲವೂ ಇಟ್ಟೆ. ಹೇಳದಿದ್ದರೆ, ಪರದೇಶದ ಆಸ್ಪತ್ರೆಯಲ್ಲಿ ಆ ಸಾದಾ ಕಾಗದ ಹಿಡಿದುಕೊಂಡು ಬಾಣಂತಿ ಮಗಳು ಓಡಾಡಬೇಕಾದೀತು.

ನಾಲ್ಕೂವರೆಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ ದುರ್ಗಾಂಬಿಕಾ ಬಂದು ನನ್ನ ಬೆನ್ನಿಗೆ ಆತುಕೊಂಡಳು. ಬೆಳಿಗ್ಗೆಯಿಂದ ಅವಳು ಆಟಕ್ಕೂ ಹೋಗಿರಲಿಲ್ಲ.

"ಅವ್ವ, ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ರೆ ಹೇಳಬಾರದು ಅಲ್ವಾ?"

"ಹೂಂ. ಆಣೆ ಮುರಿಯಬಾರದು."

"ಕೇಳಬಹುದಾ?"

ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ಅದನ್ನು ಮಗುಚಿ, "ಕೇಳೋದಕ್ಕೇನು, ಯಾರನ್ನ ಏನು ಬೇಕಾದ್ರೂ ಕೇಳಬಹುದು," ಎಂದೆ. ಅವಳು ಯಾರನ್ನು ಏನು ಕೇಳಲಿದ್ದಾಳೆಂದು ನಾನು ಕೇಳಲಿಲ್ಲ. ಕೇಳಬೇಕೆನಿಸಿತು, ಕೇಳಲಿಲ್ಲ.

ಐದಕ್ಕೆ ಎಲ್ಲರೂ ನಡುಮನೆಯಲ್ಲಿ ಸೇರಿದೆವು. ಮನೆಯವರು ಫೋನನ್ನು ತಾಮ್ರದ ಚೊಂಬಿಗೆ ಆನಿಸಿ ನಿಲ್ಲಿಸಿದರು. ಸಂಧ್ಯಾರಾಣಿಯ ಮುಖ ಪರದೆ ತುಂಬ ಬಂತು. ಗುಂಡಗಾಗಿದ್ದಳು.

"ಅವ್ವ, ಚೀಲ ಕಟ್ಟಿದ್ಯಾ? ನಿನ್ನ ಕೊಬ್ಬರಿ ನೋಡಿ ಏರ್‌ಪೋರ್ಟಿನೋರು ಅಂಗಡಿ ಇಡ್ತೀಯೇನು ಅಂತಾರೆ."

"ಅನ್ನಲಿ ಬಿಡು. ಎರಡು ಹೋಳು ಅವ್ರಿಗೂ ಕೊಡ್ತೀನಿ. ನೀನು ಕಾಲು ಮ್ಯಾಲೆತ್ತಿ ಕೂತ್ಕೊ."

"ನಾನು ಡಾಕ್ಟ್ರಿಗೆ ಹೇಳೀನಿ, ನಮ್ಮವ್ವ ಬರೋವರೆಗೂ ನಾನು ಹೆರಾಕಿಲ್ಲ ಅಂತ." ನಕ್ಕು, ದನಿ ಬದಲಿಸಿದಳು. "ಅಣ್ಣ, ವಿಮೆ ಯಾವ್ದು ಆರಿಸಿದ್ರಿ?"

ಮನೆಯವರು ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಸಾದಾದೇ ಸಾಕು," ಎಂದರು. "ಇಲ್ಲದ ಕಾಯಿಲೆಗೆ ದುಡ್ಡು ಯಾಕೆ ಕಟ್ಟೋದು?"

"ಬರೀಲಾ ಅಮ್ಮ?" ಇಲಿಯಾಸ್ ಕೇಳಿದ. ಹಳೆಯ ಕಾಯಿಲೆ ಎಂಬ ಸಾಲಿನ ಮುಂದೆ 'ಇಲ್ಲ' ಎಂಬ ಚೌಕದ ಮೇಲೆ ಪೆನ್ನಿನ ತುದಿ ಬಂದು ನಿಂತಿತು. "ಒಂದ್ಸಲ ಬರೆದು ಕಳಿಸಿದ್ರೆ ಆಮೇಲೆ ತಿದ್ದಾಕಾಗಲ್ಲ."

"ಬರಿ," ಎಂದರು ಅತ್ತೆ. ದನಿ ಮಾತ್ರ ಬೆಳಗಿನಷ್ಟು ಗಟ್ಟಿಯಿರಲಿಲ್ಲ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ದುರ್ಗಾಂಬಿಕಾ ನನ್ನ ಪಕ್ಕದಿಂದ ಎದ್ದು, ಇಲಿಯಾಸನ ಮೊಣಕಾಲು ದಾಟಿ, ಫೋನಿನ ಮುಂದೆ ಹೋಗಿ ಕುಕ್ಕುರುಗಾಲಲ್ಲಿ ಕೂತಳು. ಶಾಲೆಯಲ್ಲಿ ಮೇಷ್ಟ್ರನ್ನು ಕೇಳುವಾಗಿನಂತೆ ಎರಡೂ ಕೈ ಕಟ್ಟಿಕೊಂಡಳು. ಅಜ್ಜಿಯ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಪರದೆಗೆ ಮುಖ ಮಾಡಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಕೇಳಿದಳು:

"ಸಂಧ್ಯತ್ತೆ, ಅಜ್ಜಿಗೆ ಬಿಪಿ ಇದ್ರೆ ನೀನು ಅಜ್ಜಿನ ಬರಬೇಡ ಅಂತೀಯಾ?"